ಕೆಂಪು ಕಾರಿಗೆ ನಾನು ಕೊಟ್ಟ ಒಂಬತ್ತಾಣೆ

ಹಳೆಯ ಕಾರು ನೋಡಿ, ತಗೋಬಹುದೋ ಬೇಡವೋ ಎಂದು ಹೇಳುವುದೂ ಒಂದು ಉದ್ಯೋಗ ಎಂದು ಯಾವ ಐಟಿಐಯಲ್ಲೂ ಕಲಿಸುವುದಿಲ್ಲ. ಕಲಿಸಿದ್ದರೆ ನಾನು ಅಲ್ಲಿ ಪ್ರೊಫೆಸರ್ ಆಗಿರುತ್ತಿದ್ದೆ, ಕುರ್ಚಿಯ ಮೇಲೆ ಕೂತು ವಯಸ್ಸಾಗುತ್ತಿತ್ತು. ನನಗೆ ವಯಸ್ಸಾದದ್ದು ನಂಜನಗೂಡಿನಲ್ಲಿ, ಕಾರುಗಳ ಹೊಟ್ಟೆಯ ಕೆಳಗೆ. ಈಗ ಎರಡೂ ಮಂಡಿಗಳು ನನ್ನನ್ನು ಒಂದು ಮಾತೂ ಕೇಳದೆ ರಾಜೀನಾಮೆ ಕೊಟ್ಟಿರುವುದರಿಂದ, ಗ್ಯಾರೇಜನ್ನು ತಂಗಿಯ ಮಗ ಸುರೇಶನಿಗೆ ಒಪ್ಪಿಸಿ ಮನೆಯಲ್ಲಿದ್ದೇನೆ. ಅವನ ಹತ್ತಿರ ಕೆಲಸಕ್ಕೆ ಹೊಸಬರು ಬರುತ್ತಾರೆ. "ಮಾವ, ಎಂಜಿನ್ ವಿಷ್ಯ ನಾನು ಹೇಳ್ಕೊಡ್ತೀನಿ. ಗಾಡಿ ಆರಿಸೋದು ಹೆಂಗೆ ಅಂತ ನೀವು ಬರ್ದುಕೊಡಿ" ಎಂದ. ಬರೆಯುತ್ತಿದ್ದೇನೆ. ನಾನು ಸರಿಯಾಗಿ ಆರಿಸಿದ ಕಾರುಗಳ ಬಗ್ಗೆ ಹೇಳುವುದೇನೂ ಇಲ್ಲ. ಅವು ಸುಮ್ಮನೆ ಓಡಿಕೊಂಡು ಹೋದವು.

ಈ ಕಸುಬು ನನಗೆ ಒಂದು ರೀತಿಯಲ್ಲಿ ಅಪ್ಪನಿಂದ ಬಂದದ್ದು. ನಮ್ಮಪ್ಪ ತಗಡೂರಿನ ಬಸಪ್ಪನವರು ಕಾರು ಹತ್ತಿದವರಲ್ಲ, ಎತ್ತು ನೋಡುವವರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗಕ್ಕೆ ಸುಳಿ ಎನ್ನುತ್ತಾರೆ. ಅದು ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಕೇಡು ಎಂಬ ಶಾಸ್ತ್ರವೆಲ್ಲ ಅವರಿಗೆ ಬಾಯಿಪಾಠ. ದನದ ಸಂತೆಗೆ ಹೋಗುವವರು ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಆದರೆ ಅಪ್ಪ ಎತ್ತಿನ ಹತ್ತಿರ ಹೋಗುವ ಮುಂಚೆ ಕೊಳ್ಳುವವನನ್ನು ಅರ್ಧ ಗಂಟೆ ಕೂರಿಸಿಕೊಂಡು ವಿಚಾರಣೆ ನಡೆಸುವರು. ನಿಮ್ಮದು ಕಪ್ಪು ಮಣ್ಣೋ, ಕೆಂಪು ಮಣ್ಣೋ? ಮನೆಯಲ್ಲಿರುವ ಇನ್ನೊಂದು ಎತ್ತು ಎಷ್ಟು ಎತ್ತರ? ಮೇವು ಹಾಕೋರು ಯಾರು?

"ಮೇವಾ? ನಮ್ ಮನೆ ಎಂಗಸ್ರು ಆಕ್ತಾರೆ."

"ಎಷ್ಟುದ್ದ ಅವ್ರೆ?"

ಒಬ್ಬಾತ ಕೆರಳಿಯೇಬಿಟ್ಟ. "ಏನ್ ಬಸಪ್ಪೋರೆ, ಎತ್ತು ನೋಡಿ ಅಂತ ಕರ್ಕೊಂಡ್ ಬಂದ್ರೆ ನನ್ ಎಂಡ್ತಿ ಅಳತೆ ಕೇಳ್ತೀರಲ್ಲ!"

ಅಪ್ಪ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, "ಎತ್ರದ ಎತ್ತಿಗೆ ಗಿಡ್ಡ ಎಂಗಸು ಅಗ್ಗ ಆಕೋಕಾಯ್ತದಾ? ಎತ್ತು ಬಗ್ಗಿ ತಲೆ ಎತ್ತಿದ್ರೆ ಕೊಂಬು ಕಣ್ಗೇ ಬತ್ತದೆ ಕಣಪ್ಪ" ಎಂದರು.

ನನಗಾಗ ಅವಮಾನವಾಗುತ್ತಿತ್ತು. ಎತ್ತು ನೋಡಲು ಬಂದವರು ಎತ್ತು ನೋಡಬೇಕು, ಊರಿನ ಹೆಂಗಸರ ಎತ್ತರ ಕಟ್ಟಿಕೊಂಡು ಏನಾಗಬೇಕು ಎಂದುಕೊಳ್ಳುತ್ತಿದ್ದೆ. ಹೊತ್ತು ಕಳೆಯುವುದಕ್ಕೆ ಅಪ್ಪ ಆಡುವ ಮಾತು ಎಂದೇ ಬಹುಕಾಲ ತಿಳಿದಿದ್ದೆ.

ಕೆಲಸ ಕಲಿಸಿದ ಗುರು ಮೈಸೂರಿನ ಖಾದರ್ ಮೇಸ್ತ್ರಿಗಳು. ಸ್ಪ್ಯಾನರ್ ಎಸೆಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಎಸೆಯುವ ಮುಂಚೆ ನಂಬರ್ ಕೂಗುವ ಸೌಜನ್ಯ ಇತ್ತು: "ಹನ್ನೆರಡು-ಹದಿಮೂರು!" ಎನ್ನುವುದರೊಳಗೆ ಹನ್ನೆರಡು-ಹದಿಮೂರು ಕಿವಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಎರಡು ವರ್ಷದಲ್ಲಿ ನಾನು ಗಾಳಿಯ ಸದ್ದಿನಿಂದಲೇ ನಂಬರ್ ಹೇಳುವಷ್ಟು ಪಳಗಿದೆ. ಆದರೆ ಎಂಜಿನ್ನಿನ ಮುಂದೆ ನಿಂತರೆ ಆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ತಮ್ಮ ಕಿವಿಗೆ. ಕಣ್ಣು ಮುಚ್ಚಿಕೊಂಡು ಕೇಳುವರು. "ಗಾಡಿ ಮಾತಾಡ್ತಾ ಇದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು ಕಣೋ ಶಿವಣ್ಣ. ಪೂರಾ ಕೇಳಿಸ್ಕೋ, ಆಮೇಲೆ ಬಾಯಿ ಬಿಡು" ಎನ್ನುವರು. ಓಡುತ್ತಿರುವ ಎಂಜಿನ್ನಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಅದುರು ನೋಡುವುದು, ಹೊಗೆಕೊಳವೆಗೆ ಬಿಳಿ ಕರವಸ್ತ್ರ ಹಿಡಿದು ಎಣ್ಣೆ ನೋಡುವುದು, ಎಲ್ಲ ಅವರಿಂದ ಕಲಿತೆ. ತೊಂಬತ್ತರ ದಶಕದ ಮೊದಮೊದಲು ನಂಜನಗೂಡಿಗೆ ಬಂದು ನನ್ನದೇ ಗ್ಯಾರೇಜು ಹಾಕಿದೆ.

ಹಾಕಿದ ವರ್ಷವೇ ಮೊದಲನೆಯ ಪ್ರಮಾದ. ತಾಂಡವಪುರದ ಇಟ್ಟಿಗೆ ಗೂಡಿನ ನಂಜಪ್ಪನವರು ಬಂದು, "ಶಿವಣ್ಣ, ನನ್ಗೆ ಎಲ್ಡು ಬಾಗ್ಲಿನ ಸ್ಪೋರ್ಟ್ಸ್ ಕಾರು ಬೇಕು" ಎಂದರು.

"ಅದು ನಮ್ ಕಡೆ ಸಿಗಲ್ಲ ಗೌಡ್ರೆ."

"ಸಿಗ್ನಿಲ್ಲ ಅಂದ್ರೆ ಮಾಡ್ಲಾ!"

ಮಾಡಿದೆ. ಅವರ ನಾಲ್ಕು ಬಾಗಿಲ ಹಳೆಯ ಕಾರಿನ ಹಿಂದಿನ ಎರಡು ಬಾಗಿಲುಗಳನ್ನು ಬೆಸುಗೆ ಹಾಕಿ, ಗೆರೆ ಕಾಣದ ಹಾಗೆ ಉಜ್ಜಿ, ಹಳದಿ ಬಣ್ಣ ಬಳಿದು, ಮೇಲೆ ಎರಡು ಕಪ್ಪು ಪಟ್ಟಿ ಎಳೆದೆ. ನೋಡಿದವರೆಲ್ಲ ಬೆರಗಾದರು. ನಂಜಪ್ಪನವರು ಮೊದಲ ಸವಾರಿಗೇ ತಮ್ಮ ಸೋದರತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಟಿ. ನರಸೀಪುರದ ಒಂದು ಮದುವೆಗೆ ಹೊರಟರು. ಹತ್ತುವಾಗ ಮದುವೆಯ ಉತ್ಸಾಹ ಆ ತಾಯಿಯನ್ನು ಒಳಕ್ಕೆ ತಳ್ಳಿತ್ತು. ಇಳಿಯುವಾಗ ಆ ಸಹಾಯ ಇರಲಿಲ್ಲ. ಎರಡು ಬಾಗಿಲ ಕಾರಿನಲ್ಲಿ ಮುಂದಿನ ಸೀಟು ಮಡಚಿಕೊಳ್ಳಬೇಕು ಎಂಬುದು ಬೆಸುಗೆಯ ಸಂಭ್ರಮದಲ್ಲಿ ನನಗೆ ಹೊಳೆದೇ ಇರಲಿಲ್ಲ. ಕೊನೆಗೆ ಮದುಮಕ್ಕಳೇ ಛತ್ರದಿಂದ ಹೊರಗೆ ಬಂದು, ಕಾರಿಗೆ ನಮಸ್ಕಾರ ಮಾಡಿ, ಕಿಟಕಿಯಿಂದ ಅಕ್ಷತೆ ಹಾಕಿಸಿಕೊಂಡರಂತೆ. ಊಟದ ಎಲೆಯೂ ಕಿಟಕಿಗೇ ಹೋಯಿತು. ನಾನು ಬಸ್ಸು ಹತ್ತಿ ಹೋಗಿ ಮುಂದಿನ ಸೀಟು ಕಳಚಿ ಅವರನ್ನು ಬಿಡುಗಡೆ ಮಾಡಿದೆ. ಅವರು ಇಳಿದು ನನ್ನನ್ನು ನೋಡಿ, "ನೀನೇ ಏನಪ್ಪ ಬಾಗ್ಲು ಮುಚ್ದೋನು?" ಎಂದು ಮಾತ್ರ ಕೇಳಿದರು.

ಅಂದಿನಿಂದ ಎರಡು ಬಾಗಿಲ ಕಾರು ಎಂದರೆ ಶೋಕಿ, ಶೋಕಿ ಎಂದರೆ ಅವಿವೇಕ ಎಂಬುದು ನನ್ನ ತಲೆಯಲ್ಲಿ ಬೆಸುಗೆಯಾಗಿಹೋಯಿತು.

ಎರಡನೆಯ ಪ್ರಮಾದ ಓಟಕ್ಕೆ ಮರುಳಾಗಿ ಆದದ್ದು. ನಮ್ಮೂರಿನ ಹಲ್ಲಿನ ಡಾಕ್ಟರೊಬ್ಬರಿಗೆ ವೇಗದ ಗಾಡಿ ಬೇಕಿತ್ತು. ನೋಡಲು ಹೋದ ಕಾರು ಗಾಳಿಯ ಹಾಗೆ ಓಡಿತು. ಹದಿನೈದು ಮೈಲಿ ಓಡಿಸಿ, ಎಂಜಿನ್ನಿನ ಮೇಲೆ ನಾಣ್ಯ ನಿಲ್ಲಿಸಿ, "ತಗೊಳ್ಳಿ ಸಾರ್, ಕಣ್ಣು ಮುಚ್ಕೊಂಡು" ಎಂದೆ. ಮುಂದಕ್ಕೆ ಹೋಗುವುದನ್ನು ಅಷ್ಟು ಭಕ್ತಿಯಿಂದ ಪರೀಕ್ಷೆ ಮಾಡಿದ ನಾನು, ಹಿಂದಕ್ಕೆ ಬರುತ್ತದೆಯೋ ಎಂದು ನೋಡಿರಲಿಲ್ಲ. ರಿವರ್ಸ್ ಗೇರು ಹಾಕಿದರೆ ಕೈಯಲ್ಲೇ ವಾಪಸು ಬರುತ್ತಿತ್ತು. ಅದರ ಸಾಮಾನು ಸಿಗುವ ತನಕ ಡಾಕ್ಟರು ಆರು ತಿಂಗಳು ಊರಿನಲ್ಲಿ ಮುಂದಕ್ಕೆ ಮಾತ್ರ ಹೋದರು. ಕಾರು ತಿರುಗಿಸಬೇಕಾದಾಗಲೆಲ್ಲ ದೇವಸ್ಥಾನಕ್ಕೆ ಒಂದು ಸುತ್ತು ಬರುವರು. "ಶಿವಣ್ಣ, ನಿನ್ನ ದಯದಿಂದ ದಿನಾ ನಾಕು ಪ್ರದಕ್ಷಿಣೆ ಆಗ್ತಾ ಇದೆ. ಮೋಕ್ಷದ ಜವಾಬ್ದಾರಿ ನಿಂದೇ" ಎನ್ನುತ್ತಿದ್ದರು.

ಇವೆರಡು ಪಾಠ ಆದಮೇಲೆ ನಾನು ಶಾಸ್ತ್ರೋಕ್ತವಾಗಿ ಒಂದು ಪದ್ಧತಿ ಮಾಡಿಕೊಂಡೆ. ಕಾರು ನೋಡಿದ ಮೇಲೆ ಬಾಯಲ್ಲಿ ಹೇಳುವುದಿಲ್ಲ, ಚೀಟಿ ಬರೆದುಕೊಡುತ್ತೇನೆ. ಒಳ್ಳೆಯ ಕಾರು ಎಂದರೆ ಹದಿನಾರಾಣೆ. ಅದರಲ್ಲಿ ರೂಪಕ್ಕೆ ಮೂರಾಣೆ, ಓಟಕ್ಕೆ ಐದಾಣೆ, ನಂಬಿಕೆಗೆ ಎಂಟಾಣೆ. ನಂಬಿಕೆ ಎಂದರೆ ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊರಡಬೇಕು, ದಾರಿಯಲ್ಲಿ ಕೈಕೊಡಬಾರದು, ಕೈಕೊಟ್ಟರೆ ಸಾಮಾನು ಮೈಸೂರಿನಲ್ಲಾದರೂ ಸಿಗಬೇಕು. ಒಟ್ಟು ಹತ್ತಾಣೆಗಿಂತ ಕಡಿಮೆ ಬಂದರೆ ಬೇಡ. ಚೀಟಿಯ ಕೆಳಗೆ ಗಂಭೀರವಾಗಿ ರುಜು ಹಾಕಿ, ಗ್ಯಾರೇಜಿನ ಮೊಹರು ಒತ್ತುತ್ತಿದ್ದೆ. ಈ ಚೀಟಿಗೆ ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನಲ್ಲಿ ಎಷ್ಟು ಬೆಲೆ ಬಂತೆಂದರೆ, ನನಗೇ ನನ್ನ ಮೇಲೆ ಗೌರವ ಹುಟ್ಟತೊಡಗಿತು. ಅಪ್ಪನ ಕಸುಬನ್ನು ಮಗ ವೈಜ್ಞಾನಿಕ ಮಾಡಿದ ಎಂದುಕೊಂಡೆ. ವಿಚಾರಣೆಯಿಲ್ಲ, ಎಲೆಯಡಿಕೆಯಿಲ್ಲ, ಹೆಂಗಸರ ಎತ್ತರವಿಲ್ಲ.

ಈಗ ಇದನ್ನೆಲ್ಲ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ಎರಡು ಸಾವಿರದ ಇಸವಿ ಆಸುಪಾಸು. ಟಿ. ನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮಹದೇವಸ್ವಾಮಿ ಎಂಬುವರು ಬಂದರು. ಐವತ್ತು ದಾಟಿದ ವಯಸ್ಸು. ಎಣ್ಣೆಗಪ್ಪಾಗಿ ಬಣ್ಣ ಹಚ್ಚಿದ ಕೂದಲು, ಹೂವಿನ ಶರ್ಟು, ಕಪ್ಪು ಕನ್ನಡಕ. ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲೂ ಅದನ್ನು ತೆಗೆಯುತ್ತಾರೋ ಇಲ್ಲವೋ ಎಂದು ಅನುಮಾನ ಬರುವಂತಿತ್ತು. ಮನುಷ್ಯನನ್ನು ನೋಡಿದ ತಕ್ಷಣ ಒಂದು ತೀರ್ಮಾನಕ್ಕೆ ಬಂದೆ. ಚೀಟಿ ಬರೆಯುವುದಿದ್ದರೆ ರೂಪಕ್ಕೆ ಮೂರಾಣೆ, ಮಿಕ್ಕಿದ್ದಕ್ಕೆ ಸೊನ್ನೆ.

"ಮೇಸ್ತ್ರಿ, ಮೈಸೂರಲ್ಲಿ ಎರಡು ಗಾಡಿ ನೋಡಿವ್ನಿ. ಒಂದು ಬಿಳಿದು, ಒಂದು ಕೆಂಪುದು. ಮನಸ್ಸು ಕೆಂಪುದ್ರ ಮೇಲದೆ. ನೀವು ಒಂದ್ಸಲ ನೋಡ್ಬುಟ್ಟು ಚೀಟಿ ಕೊಟ್ರೆ ಧೈರ್ಯ" ಎಂದರು.

ಕೆಂಪು ಕಾರು ಸಿಂಗಾಪುರದಲ್ಲಿದ್ದವರು ಯಾರೋ ಊರಿಗೆ ಮರಳುವಾಗ ಹಡಗಿನಲ್ಲಿ ತಂದದ್ದು. ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದ ಚಿರತೆಯ ಹಾಗಿತ್ತು. ಮುಂದಿನ ದೀಪಗಳು ಹಗಲೆಲ್ಲ ಒಳಗೆ ಹುದುಗಿದ್ದು, ಗುಂಡಿ ಒತ್ತಿದರೆ ಕಣ್ಣು ತೆರೆದ ಹಾಗೆ ಮೇಲೇಳುತ್ತಿದ್ದವು. ಎಡಗಣ್ಣು ಮಾತ್ರ ಸ್ವಲ್ಪ ಸಾವಕಾಶ, ನಿದ್ದೆಗಣ್ಣು. ಮೈಸೂರಿನಿಂದ ತಾಂಡವಪುರದ ತನಕ ಓಡಿಸಿಕೊಂಡು ಹೋಗಿ ಬಂದೆ. ಸುಳ್ಳು ಹೇಳಬಾರದು, ನನ್ನ ಜನ್ಮದಲ್ಲಿ ಅಂಥ ಗಾಡಿ ಓಡಿಸಿರಲಿಲ್ಲ. ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟುತ್ತಿತ್ತು, ತಿರುವಿನಲ್ಲಿ ನೆಲ ಹಿಡಿದುಕೊಳ್ಳುತ್ತಿತ್ತು. ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದೆ, ಒಂದು ಅಪಸ್ವರ ಇಲ್ಲ. ರಿವರ್ಸ್ ಗೇರನ್ನು ನಾಲ್ಕು ಸಲ ನೋಡಿದೆ.

ಆದರೆ ರಸ್ತೆಯುಬ್ಬು ಬಂದಾಗಲೆಲ್ಲ ಹೊಟ್ಟೆ ಕೆರೆಯಿತು. ಒಳಗಿನ ಒಂದೊಂದು ಸಾಮಾನೂ ಪರದೇಶದ್ದು. ಎಂಜಿನ್ನಿನೊಳಗಿನ ಒಂದು ಬೆಲ್ಟು ಹರಿದರೆ ಚೆನ್ನೈಗೋ ಮುಂಬೈಗೋ ಬರೆದು ತಿಂಗಳುಗಟ್ಟಲೆ ಕಾಯಬೇಕು. ಅದು ಕಾರಿನ ತಪ್ಪಲ್ಲ, ಅದು ಬಂದು ಸೇರಿದ ಊರಿನ ತಪ್ಪು. ಆದರೆ ಚೀಟಿಯಲ್ಲಿ ಊರಿಗೆ ಅಂಕ ಕೊಡುವ ಸಾಲು ಇರಲಿಲ್ಲ.

ನಾನು ಹೀಗೆ ತೂಗುತ್ತಿರುವಾಗ ಮಹದೇವಸ್ವಾಮಿ ಏನು ಮಾಡುತ್ತಿದ್ದರು? ಎಡಗಡೆಯ ಬಾಗಿಲನ್ನು ತೆಗೆಯುವುದು, ಹಾಕುವುದು. ಆಮೇಲೆ ಕೈ ಚಾಚಿ ಬಾಗಿಲಿನ ಉದ್ದವನ್ನು ಗೇಣು ಹಾಕಿ ಅಳೆದರು. ಸೀಟನ್ನು ಹಿಂದಕ್ಕೆ ಜಾರಿಸಿ, ಅದರ ಮುಂದಿನ ಜಾಗವನ್ನೂ ಅಳೆದರು.

"ಬಾಗ್ಲು ಚೆನ್ನಾಗದೆ ಅಲ್ವಾ ಮೇಸ್ತ್ರಿ? ಎಷ್ಟುದ್ದ ಅದೆ ನೋಡಿ. ಸೀಟೂ ಎಷ್ಟೊಂದು ಹಿಂದಕ್ಕೋಯ್ತದೆ."

ಮಾರುವವರು ಇದ್ದರು, ದಲ್ಲಾಳಿ ಇದ್ದ, ಕೆಂಪು ಕಾರು ನೋಡಲು ನಿಂತ ದಾರಿಹೋಕರು ಇಬ್ಬರೋ ಮೂವರೋ ಇದ್ದರು. ಸಭೆ ಸೇರಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಬಾಗ್ಲು ನೋಡಿ ಮನೆ ತಗೊಳ್ತಾರೆ ಸ್ವಾಮಿ, ಕಾರಲ್ಲ! ಈ ವಯಸ್ಸಲ್ಲಿ ಯಾರನ್ನ ಕೂರಿಸ್ಕೊಂಡು ಹೋಗೋಕೆ ನಿಮ್ಗೀ ಶೋಕಿ?"

ಎಲ್ಲರೂ ನಕ್ಕರು. ದಲ್ಲಾಳಿಯಂತೂ ತೊಡೆ ತಟ್ಟಿಕೊಂಡು ನಕ್ಕ. ಮಹದೇವಸ್ವಾಮಿಯೂ ನಕ್ಕರು. ನಕ್ಕು, ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿಕೊಂಡು, ಬಾಗಿಲನ್ನು ಮೆಲ್ಲಗೆ ಹಾಕಿದರು.

ಬಿಳಿ ಕಾರನ್ನೂ ನೋಡಿದೆವು. ನಾಲ್ಕು ಬಾಗಿಲು, ಊರಿಗೆಲ್ಲ ಪರಿಚಯದ ಮುಖ, ನಿವೃತ್ತ ಗುಮಾಸ್ತರ ಹಾಗೆ ಸಾವಧಾನ. ಗುಂಡಿ ಒತ್ತಿದರೆ ಏಳುವಂಥದು ಅದರಲ್ಲಿ ಏನೂ ಇರಲಿಲ್ಲ. ಸಾಮಾನು ಸಂತೆಯಲ್ಲೂ ಸಿಗುತ್ತಿತ್ತು. ಎರಡು ಚೀಟಿ ಬರೆದೆ. ಕೆಂಪು: ರೂಪ ಮೂರು, ಓಟ ಐದು, ನಂಬಿಕೆ ಒಂದು, ಒಟ್ಟು ಒಂಬತ್ತಾಣೆ. ಬಿಳಿ: ರೂಪ ಒಂದು, ಓಟ ಮೂರು, ನಂಬಿಕೆ ಎಂಟು, ಒಟ್ಟು ಹನ್ನೆರಡಾಣೆ. ರುಜು, ಮೊಹರು. ಮಹದೇವಸ್ವಾಮಿ ಎರಡನ್ನೂ ಮಡಚಿ ಜೇಬಿಗಿಟ್ಟುಕೊಂಡರು. "ಮನೇಲಿ ತೋರ್ಸಿ ಏಳ್ತೀನಿ" ಎಂದರು. ವಾರದಲ್ಲಿ ಬಿಳಿ ಕಾರು ಕೊಂಡರೆಂದು ಸುದ್ದಿ ಬಂತು. ಒಬ್ಬ ಮನುಷ್ಯನನ್ನು ಶೋಕಿಯ ಬಾಯಿಂದ ಪಾರು ಮಾಡಿದೆ ಎಂದು ಸಂತೋಷಪಟ್ಟೆ. ಗೇಣು ಹಾಕಿ ಬಾಗಿಲು ಅಳೆದ ಕಥೆಯನ್ನು ಗ್ಯಾರೇಜಿಗೆ ಬಂದವರಿಗೆಲ್ಲ ಅಭಿನಯ ಸಮೇತ ಹೇಳುತ್ತಿದ್ದೆ. ಬಹಳ ಜನ ನಕ್ಕಿದ್ದಾರೆ.

ಆಮೇಲೆ ಕಾಲ ಬದಲಾಯಿತು. ಕಾರುಗಳಲ್ಲಿ ಕಂಪ್ಯೂಟರ್ ಬಂತು. ಸುರೇಶ ಪೆಟ್ಟಿಗೆಯೊಂದನ್ನು ತಂದು, ಒಂದು ವೈರು ಸಿಕ್ಕಿಸಿ, ಪರದೆಯ ಮೇಲೆ ಬಂದ ನಂಬರ್ ಓದಿ ರೋಗ ಹೇಳತೊಡಗಿದ. ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟರೆ ಗಿರಾಕಿಗಳು ನಗುತ್ತಿದ್ದರು. ಪೆಟ್ಟಿಗೆಯನ್ನು ನಾನು ದೂರುವುದಿಲ್ಲ. ಅದು ಸ್ಪ್ಯಾನರ್ ಎಸೆಯುವುದಿಲ್ಲ, ಗಿರಾಕಿಯ ಮೇಲೆ ಜೋಕು ಮಾಡುವುದಿಲ್ಲ.

ಬಿಳಿ ಕಾರು ನನ್ನ ಗ್ಯಾರೇಜಿಗೆ ಬಂದದ್ದು ಅವರು ಕೊಂಡ ನಾಲ್ಕು ವರ್ಷದ ಮೇಲೆ. ಕ್ಲಚ್ ಸವೆದಿತ್ತು, ಅಷ್ಟೆ. ಮಹದೇವಸ್ವಾಮಿಯೇ ತಂದಿದ್ದರು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಎಂಜಿನ್ ಕೇಳಿದೆ, ಕೊಂಡಾಗ ಹೇಗಿತ್ತೋ ಹಾಗೇ. "ನೋಡಿ ಸ್ವಾಮಿ, ನಂಬಿಕೆಗೆ ಎಂಟಾಣೆ ಕೊಟ್ಟಿದ್ದೆ, ಒಂದು ಕಾಸು ಕಮ್ಮಿಯಾಗಿಲ್ಲ" ಎಂದು ಬೀಗುತ್ತಾ, ಒಳಗೆಲ್ಲ ಹೇಗಿದೆ ನೋಡೋಣ ಎಂದು ಹಿಂದಿನ ಎಡಬಾಗಿಲು ತೆಗೆದೆ.

ಬಾಗಿಲಿನ ಒಳಮೈ ಒಂದೇ ಜಾಗದಲ್ಲಿ ಗುಳಿ ಬಿದ್ದಿತ್ತು. ಹೊದಿಕೆ ಹರಿದು, ಒಳಗಿನ ರಟ್ಟು ಒಡೆದು, ತಗಡು ಕಾಣುತ್ತಿತ್ತು. ಮಿಕ್ಕೆಲ್ಲ ಕಡೆ ಹೊಸದರಂತೆ. ಬಲಗಡೆ ಬಾಗಿಲಿಗೆ ಒಂದು ದಿಂಬು ಕಟ್ಟಿತ್ತು. ಸಾವಿರಾರು ಕಾರುಗಳ ಸವೆತ ಓದಿದವನು ನಾನು. ಇದು ಮಾತ್ರ ಅರ್ಥವಾಗಲಿಲ್ಲ.

"ಏನ್ ಸ್ವಾಮಿ, ಹಿಂದ್ಗಡೆ ಟಗರು ಕಟ್ಕೊಂಡು ಓಡಾಡ್ತೀರಾ? ಬಾಗ್ಲನ್ನ ಗುದ್ದಿ ಗುದ್ದಿ ಹಳ್ಳ ಮಾಡಿದೆಯಲ್ಲ!"

ಈ ಸಲ ಅವರು ನಗಲಿಲ್ಲ.

"ಟಗರಲ್ಲ ಮೇಸ್ತ್ರಿ. ನಮ್ಮನೆಯವ್ರ ಹಿಮ್ಮಡಿ."

ಕೈ ಒರೆಸಿಕೊಂಡು ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತೆ. ಅವರು ನಿಂತೇ ಹೇಳಿದರು.

ಅವರ ಹೆಂಡತಿ ಸರ್ವಮಂಗಳಮ್ಮನವರು ಹೆಮ್ಮಿಗೆ ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಕಾರು ಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ ಬಸ್ಸು ಇಳಿಯುವಾಗ ಕಾಲು ಜಾರಿ ಬಿದ್ದು ಎಡಮಂಡಿ ಪುಡಿಯಾಯಿತು. ಕಾಲು ಉಳಿಯಿತು. ಆದರೆ ಮಂಡಿ ಮಡಚದ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಕೋಲು ಹಿಡಿದು ನಡೆಯುತ್ತಿದ್ದರು, ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದರು. ಬಸ್ಸು ಮಾತ್ರ ಹತ್ತಲಾರರು. ಶಾಲೆಗೆ ಕರೆದುಕೊಂಡು ಹೋಗಿ ಬರುವುದಕ್ಕೇ ಕಾರು.

"ಮಾಮೂಲಿ ಕಾರಲ್ಲಿ ಮುಂದಿನ ಬಾಗ್ಲು ಗಿಡ್ಡ ಮೇಸ್ತ್ರಿ. ಕಾಲು ಮಡಚ್ದೆ ಒಳಕ್ಕೋಗಲ್ಲ. ಆ ಕೆಂಪು ಗಾಡಿ ನೋಡೋಕೆ ಮೊದ್ಲು ಅವ್ರ್ನೇ ಕರ್ಕೊಂಡೋಗಿದ್ದೆ. ಗಾಡಿಯೋರು ಪೇಪರ್ ತರೋಕೆ ಒಳಕ್ಕೋದ್ರು. ಯಾರೂ ಇರ್ನಿಲ್ಲ. ಇವ್ರು ಮೊದ್ಲು ಕೂತ್ಕೊಂಡು, ಕಾಲು ಆಚೆ ಚಾಚಿ, ಹಂಗೇ ಕೈವಾರ ತಿರುಗ್ದಂಗೆ ತಿರುಗಿ ಒಳಕ್ಕೆ ತಗೊಂಡ್ರು. ಬಾಗ್ಲು ಹಾಕಿದೆ. ಹಾಕ್ಕೊಳ್ತು! ಬಿದ್ದು ವರ್ಷ ಆದ್ಮೇಲೆ ಅವತ್ತೇ ಮೇಸ್ತ್ರಿ ಅವ್ರು ನಕ್ಕಿದ್ದು."

"ಹೇಳ್ಬಾರ್ದಾಗಿತ್ತಾ ಸ್ವಾಮಿ ನನ್ಗೆ?"

"ಹೇಳೋಕೇ ಬಾಗ್ಲು ಮಾತೆತ್ತಿದ್ದು."

ಅವರು ಬಾಗಿಲಿನ ಹರಿದ ಹೊದಿಕೆಯನ್ನು ಬೆರಳಿನಿಂದ ಒತ್ತಿ ಸರಿಮಾಡುತ್ತಾ ಮುಂದುವರಿಸಿದರು.

"ನನ್ ಕಾಲಿನ ಸುದ್ದಿ ಕಂಡಕಂಡೋರ ಮುಂದೆ ಆಡ್ಬೇಡಿ ಅಂತ ಅವ್ರ ಕಟ್ಟಪ್ಪಣೆ. ನಿಮ್ಗೆ ಮಾತ್ರ ಮೆಲ್ಲುಕ್ಕೆ ಏಳಾನ ಅಂತಿದ್ದೆ. ನೀವು ಬಾಗ್ಲು ನೋಡಿ ಮನೆ ತಗೊಳ್ಳಿ ಅಂದ್ರಿ. ಎಲ್ರೂ ನಕ್ರು. ಆ ನಗು ಮಧ್ಯೆ ಎಂಡ್ತಿ ಕಾಲು ತಂದು ಎಲ್ಲಿಕ್ಲಿ ನಾನು?"

ಮನೆಗೆ ಹೋಗಿ ಚೀಟಿ ತೋರಿಸಿದರಂತೆ. ಕೆಂಪು ಕಾರನ್ನೇ ತರುತ್ತೇನೆ, ಚೀಟಿ ಹಾಳಾಗಿಹೋಗಲಿ ಎಂದರಂತೆ. ಟೀಚರು ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟು, ಕೂಡುವ ಲೆಕ್ಕ ಸರಿ ಇದೆಯೋ ಎಂದು ಒಮ್ಮೆ ಕೂಡಿ ನೋಡಿ, "ಇಪ್ಪತ್ತು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದೀನಿ ರೀ. ನಮಗೆ ಇಷ್ಟ ಅಂತ ಒಂಬತ್ತು ತೆಗೆದೋನ್ನ ಪಾಸ್ ಮಾಡಿ ಹನ್ನೆರಡು ತೆಗೆದೋನ್ನ ಫೇಲ್ ಮಾಡೋಕಾಗತ್ತಾ? ಆ ಮೇಸ್ತ್ರಿಗಳು ತಿಳಿದೋರು. ಬಿಳಿದೇ ತನ್ನಿ, ಹೇಗೋ ಕೂರ್ತೀನಿ" ಎಂದರಂತೆ.

ಹೇಗೋ ಕೂತದ್ದು ಹೀಗೆ: ಹಿಂದಿನ ಎಡಬಾಗಿಲಿನಿಂದ ಹಿಮ್ಮುಖವಾಗಿ ಕೂರುವುದು. ಗಂಡ ಬಲಬಾಗಿಲಿಗೆ ಓಡಿ, ಕಂಕುಳಿಗೆ ಕೈಹಾಕಿ ಒಳಕ್ಕೆ ಎಳೆದುಕೊಳ್ಳುವುದು. ಬೆನ್ನು ಬಲಬಾಗಿಲಿನ ದಿಂಬಿಗೆ ಒರಗಿ, ಕಾಲು ಸೀಟಿನ ಉದ್ದಕ್ಕೂ ಚಾಚಿರುತ್ತದೆ. ಎಡಬಾಗಿಲು ಹಾಕಿದರೆ ಹಿಮ್ಮಡಿಗೆ ಒತ್ತಿಕೊಳ್ಳುತ್ತದೆ. ಆ ರಸ್ತೆಯ ಒಂದೊಂದು ಗುಂಡಿಗೂ ಹಿಮ್ಮಡಿ ಬಾಗಿಲಿಗೆ ಬಡಿಯುತ್ತದೆ, ಏಟು ಮಂಡಿಗೆ ಹೋಗುತ್ತದೆ. ಶಾಲೆಯ ಮುಂದೆ ಮತ್ತೆ ಮೂಟೆಯ ಹಾಗೆ ಇಳಿಸುವುದು. ಪ್ರಾರ್ಥನೆಗೆ ಸಾಲು ನಿಂತ ಮಕ್ಕಳೆಲ್ಲ ಕತ್ತು ತಿರುಗಿಸಿ ನೋಡುವರು.

"ನೋವು ತಡ್ಕೊಂಡ್ರು ಮೇಸ್ತ್ರಿ. ಆ ಮಕ್ಳು ನೋಡೋದು ತಡ್ಕೊಳ್ನಿಲ್ಲ. ಒಂದೂವರೆ ವರ್ಷ ಹಂಗೇ ಹೋದ್ರು. ಆಮೇಲೆ ವಾಲಂಟರಿ ಬರ್ದುಕೊಟ್ಬುಟ್ರು. ಇನ್ನೂ ಹನ್ನೊಂದು ವರ್ಷ ಸರ್ವೀಸ್ ಇತ್ತು."

ಗಾಡಿ ಮಾತಾಡುವಾಗ ಬಾಯಿ ಮುಚ್ಚಿಕೊಂಡಿರು ಎಂದು ಖಾದರ್ ಮೇಸ್ತ್ರಿಗಳು ಹೇಳಿದ್ದರು. ಎತ್ತು ನೋಡುವ ಮುಂಚೆ ಮೇವು ಹಾಕುವವರು ಯಾರು ಎಂದು ಅಪ್ಪ ಕೇಳುತ್ತಿದ್ದರು. ನಾನು ಕೇಳಲೇ ಇಲ್ಲ ಎಂದೂ ಹೇಳುವ ಹಾಗಿಲ್ಲ. ಯಾರನ್ನ ಕೂರಿಸ್ಕೊಂಡು ಹೋಗೋಕೆ ಎಂದು ನನ್ನ ಬಾಯಿಂದಲೇ ಸರಿಯಾದ ಪ್ರಶ್ನೆ ಬಂದಿತ್ತು. ಉತ್ತರಕ್ಕೆ ಕಾಯಲಿಲ್ಲ, ಅಷ್ಟೆ. ಜನ ನಗುತ್ತಿದ್ದರು, ನನಗೆ ಅದೇ ಸಾಕಾಗಿತ್ತು.

ಕೆಂಪು ಕಾರು ಎಲ್ಲಿದೆ ಎಂದು ವಿಚಾರಿಸಿದೆ. ಆ ದಲ್ಲಾಳಿಯನ್ನು ಹುಡುಕಿ ಹಿಡಿದೆ. ಯಾರೋ ಕೇರಳದ ಕಡೆಯವರು ಒಯ್ದರು, ಆಮೇಲೆ ಗೊತ್ತಿಲ್ಲ ಎಂದ. ಅದು ಕೆಟ್ಟು ನಿಂತಿರಲಿ, ನಂಬಿಕೆಗೆ ನಾನು ಕೊಟ್ಟ ಒಂದಾಣೆಯಾದರೂ ನಿಜವಾಗಲಿ ಎಂದು ಒಂದು ಗಳಿಗೆ ಹಾರೈಸಿದೆ. ಆಮೇಲೆ ನಾಚಿಕೆಯಾಯಿತು.

ಮಹದೇವಸ್ವಾಮಿಗೆ ಕಾರು ಒಂದು ದಿನ ಬಿಟ್ಟುಹೋಗಿ ಎಂದೆ. ಕ್ಲಚ್ಚು ಸುರೇಶ ಮಾಡಿದ. ನಾನು ಮುಂದಿನ ಎಡ ಸೀಟನ್ನು ಕಳಚಿ, ಅದು ಜಾರುವ ಹಳಿಗಳನ್ನು ನಾಲ್ಕು ಇಂಚು ಹಿಂದಕ್ಕೆ ಹಾಕಿ ಬೆಸೆದೆ. ಒರಗುವ ಭಾಗ ಪೂರ್ತಿ ಹಿಂದಕ್ಕೆ ಮಲಗುವ ಹಾಗೆ ಮಾಡಿದೆ. ಬಾಗಿಲು ಇನ್ನೂ ಒಂದು ಗೇಣು ಅಗಲಕ್ಕೆ ತೆರೆಯುವಂತೆ ಅದರ ತಡೆಪಟ್ಟಿ ಬದಲಿಸಿದೆ. ಕಾಲಿನ ದಾರಿಗೆ ಅಡ್ಡವಾಗಿದ್ದ, ಡ್ಯಾಶ್‌ಬೋರ್ಡಿನ ಕೆಳಗಿನ ತಟ್ಟೆಯನ್ನು ಕತ್ತರಿಸಿ ತೆಗೆದೆ. ನನ್ನದೇ ಎಡಗಾಲಿಗೆ ಎರಡು ಪಟ್ಟಿ ಕಟ್ಟಿ, ಮಂಡಿ ಮಡಚದ ಹಾಗೆ ಮಾಡಿಕೊಂಡು, ಹತ್ತಿ ಇಳಿದು ಹತ್ತಿ ಇಳಿದು ನೋಡಿದೆ. ನನ್ನ ವೃತ್ತಿಯಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರ ಹಾಗೆ ಹತ್ತಿ ನೋಡುವ ಪರೀಕ್ಷೆ ಮಾಡಿದ್ದು ಅದೇ ಮೊದಲು. ರಸ್ತೆಯಲ್ಲಿ ಹೋಗುವವರು ನಿಂತು ನಕ್ಕರು. ನಗಲಿ ಎಂದು ಬಿಟ್ಟೆ.

ಹೊಸಬರಿಗೆ ನಾನು ಹೇಳುವುದು ಇಷ್ಟು. ರೂಪ, ಓಟ, ನಂಬಿಕೆ ಮೂರನ್ನೂ ತೂಗಿ. ಎಂಟಾಣೆ ನಂಬಿಕೆಗೇ ಇರಲಿ, ಅದರಲ್ಲಿ ನಾನು ತಪ್ಪಿಲ್ಲ. ಆದರೆ ಕೊಳ್ಳುವವನು ಒಂದು ಕಡೆ ಕೈಯಿಟ್ಟು ಇದು ಚೆನ್ನಾಗಿದೆ ಅಲ್ವಾ ಎಂದರೆ, ಅದು ಎಂಥ ಶೋಕಿಯ ಜಾಗವಾದರೂ ಸರಿ, ಸ್ಕ್ರೂಡ್ರೈವರನ್ನು ಅಲ್ಲಿಡಿ. ಚೀಟಿ ಆಮೇಲೆ ಬರೆಯಿರಿ. ನಾನಂತೂ ಆ ದಿನದ ಮೇಲೆ ಚೀಟಿ ಬರೆಯಲಿಲ್ಲ.

ಕಾರನ್ನು ನಾನೇ ಟಿ. ನರಸೀಪುರಕ್ಕೆ ಒಯ್ದೆ. ಸರ್ವಮಂಗಳಮ್ಮನವರು ಕೋಲು ಹಿಡಿದು ಗೇಟಿನ ತನಕ ಬಂದರು. ಬಿಗಿಯಾದ ಮುಖ, ಕನ್ನಡಕದ ಮೇಲಿಂದ ನೋಡುವ ನೋಟ. ನನಗೆ ಹಳೆಯ ತರಗತಿಯಲ್ಲಿ ನಿಂತ ಹಾಗಾಯಿತು. ಬಾಗಿಲು ತೆಗೆದು ದೂರ ಸರಿದು, ಬೇಕೆಂದೇ ಬೇರೆ ಕಡೆ ನೋಡುತ್ತಾ ನಿಂತೆ. ಸೀಟು ಕಿರುಗುಟ್ಟಿತು. ಆಮೇಲೆ ಬಾಗಿಲು ಹಾಕಿಕೊಂಡ ಸದ್ದು. ಸುಭದ್ರವಾಗಿ, ಒಂದೇ ಸಲಕ್ಕೆ.

ತಿರುಗಿ ನೋಡಿದೆ. ಅವರು ಮುಂದಿನ ಸೀಟಿನಲ್ಲಿ, ಮುಂದಿನ ಗಾಜಿನಿಂದ ರಸ್ತೆ ನೋಡುತ್ತಾ ಕೂತಿದ್ದರು. ಕಾಲು ನೆಟ್ಟಗೆ, ಯಾವುದಕ್ಕೂ ತಾಗದೆ ಇತ್ತು. ಮಹದೇವಸ್ವಾಮಿ ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿಕೊಳ್ಳುತ್ತಿದ್ದರು.

"ಚೆನ್ನಾಗಿದೆ ಮೇಸ್ತ್ರಿಗಳೇ" ಎಂದರು ಟೀಚರು. "ಇದನ್ನ ಮಾಡೋದಕ್ಕೆ ಎಷ್ಟು ಹೊತ್ತು ಹಿಡೀತು?"

ಸುಳ್ಳು ಹೇಳಬಹುದಿತ್ತು. ವಾರ ಹಿಡಿಯಿತು ಎನ್ನಬಹುದಿತ್ತು.

"ಅರ್ಧ ದಿನ, ಅಮ್ಮ."

"ಅರ್ಧ ದಿನ" ಎಂದರು. ಮತ್ತೆ ರಸ್ತೆಯ ಕಡೆ ನೋಡಿದರು. ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟವರು. ಮಿಕ್ಕ ಲೆಕ್ಕವನ್ನು ಬಾಯಿಬಿಟ್ಟು ಮಾಡಲಿಲ್ಲ.